ಎರಡನೆಯ ಬ್ರೇಕು

"ಅದಲ್ಲ, ಇದು."

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಅದು. ಹೇಳಿ ಸುಮ್ಮನಿರಲಿಲ್ಲ. ಮೇಜಿನ ಆಚೆಯಿಂದ ಕೈ ಚಾಚಿ, ಅವಳು ಹಿಡಿದಿದ್ದ ಕಾರ್ಡುಗಳಲ್ಲಿ ಒಂದನ್ನು ಮೆಲ್ಲಗೆ ಎಳೆದು ನಡುವೆ ಇಟ್ಟ. ಎಳೆಯುವಾಗ ಕಿರುಬೆರಳು ಅವಳ ಮಣಿಕಟ್ಟಿಗೆ ತಾಗಿತು. ಬೇಕಂತಲೇ ತಾಗಿಸಿದನೋ ಎಂದು ತಲೆಯೆತ್ತಿದರೆ, ಆಸಾಮಿ ಕಾರ್ಡನ್ನೇ ನೋಡುತ್ತಿದ್ದ. ಅವಳಿಗೆ ಅದೇ ಇಷ್ಟವಾಗಿಬಿಟ್ಟಿತು, ಪೆದ್ದಿಗೆ.

ಅಕ್ಕನ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ಆ ಆಟ. ಭಾವನಿಗೆ ಅದರ ಹುಚ್ಚು. ಆಡುವ ನಾಲ್ವರೂ ಒಂದೇ ಪಕ್ಷ, ಒಬ್ಬೊಬ್ಬರೂ ಒಬ್ಬೊಬ್ಬ ಸೂಪರ್‌ಹೀರೋ. ಶುರುವಿನಲ್ಲಿ ಎಲ್ಲರ ಕೈಗೂ ಬರುವುದು ಕೆಲಸಕ್ಕೆ ಬಾರದ ಸಣ್ಣ ಕಾರ್ಡುಗಳೇ. ಅವುಗಳಿಂದಲೇ ನಡುವಿನ ಸಾಲಿನ ಒಳ್ಳೊಳ್ಳೆಯ ಕಾರ್ಡು ಕೊಂಡು, ಹಳೆಯವನ್ನು ಕಿತ್ತೆಸೆದು, ತಂತಮ್ಮ ಕಟ್ಟನ್ನು ಗಟ್ಟಿಮಾಡಿಕೊಳ್ಳಬೇಕು. ಅಷ್ಟರಲ್ಲಿ ಖಳನಾಯಕ ಬೀದಿಬೀದಿಯಾಗಿ ನಗರವನ್ನು ನುಂಗುತ್ತ ಬರುತ್ತಾನೆ. ಗೆದ್ದರೆ ನಾಲ್ವರೂ ಗೆದ್ದಂತೆ, ಸೋತರೆ ನಾಲ್ವರೂ.

ಅವಳ ಹೀರೋ ನೆರಳಿ, ಯಾರ ನೆರಳಿನೊಳಗೆ ಬೇಕಾದರೂ ನುಸುಳಬಲ್ಲವಳು. ಅವನದು ಮಿಂಚುಗಾಲ. ಅವನು ಭಾವನ ಗೆಳೆಯ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯಿರುವ ಎರಡನೆಯ ಬ್ರೇಕಿನಿಂದ ಊರನ್ನು ಕಾಪಾಡುವವನು. ಅದಕ್ಕೇ ಭಾವ ಅವನನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ಮೇಷ್ಟ್ರೇ, ನಮ್ಮ ನಾದಿನಿ ಲ್ಯಾಬಲ್ಲಿ ಕಟ್ಟುಹಲ್ಲು ಮಾಡ್ತಾಳೆ. ಹುಷಾರು, ಅವಳು ಮೊದಲು ನೋಡೋದೇ ಹಲ್ಲು," ಎಂದರು ಭಾವ.

ಅವನು ತಟ್ಟನೆ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿ ಕೂತಿದ್ದನ್ನು ಅವಳು ಆಗಲೇ ನೋಡಿಯಾಗಿತ್ತು.

"ಸರಿ ಮಾಡಿಸ್ಬೇಕಾ?" ಎಂದು ಅವನು ಅಂಗೈ ಮರೆಯಿಂದಲೇ ಕೇಳಿದ.

"ಬೇಡ. ಇರ್ಲಿ ಬಿಡಿ, ಚೆನ್ನಾಗಿದೆ," ಎಂದುಬಿಟ್ಟಳು. ಹೇಳಿದ ಮೇಲೆ ಕಿವಿಯವರೆಗೂ ಕೆಂಪಾದಳು. ಅಕ್ಕ ಕೆಮ್ಮಿದಳು.

ಆಮೇಲೆ ಪ್ರತಿ ಭಾನುವಾರವೂ ಗೆಲುವೇ. ಅವಳು ಯಾವ ಕಾರ್ಡು ಕೊಳ್ಳಬೇಕು, ಯಾವುದನ್ನು ಯಾವಾಗ ಆಡಬೇಕು, ಎಲ್ಲ ಅವನಿಗೇ ಗೊತ್ತು. ಅವನು ಹೇಳುತ್ತಿದ್ದ, ಅವಳು ಆಡುತ್ತಿದ್ದಳು. ಒಮ್ಮೆ ಅವಳು ಫೋನ್ ಬಂತೆಂದು ಎದ್ದುಹೋಗಿ ಬರುವಷ್ಟರಲ್ಲಿ ಅವಳ ಸರದಿಯನ್ನೂ ಅವನೇ ಆಡಿ ಮುಗಿಸಿದ್ದ. "ಖಳನಾಯಕ ಸತ್ತ ಕಣೇ, ಕೊಂದಿದ್ದು ನೀನೇ!" ಎಂದು ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಅಷ್ಟು ಚೆನ್ನಾಗಿ ನೋಡಿಕೊಳ್ಳುವವನೊಬ್ಬ ಸಿಕ್ಕಿದ್ದಾನಲ್ಲ ಎಂದು ಹಾಲು ಕುಡಿದಷ್ಟು ಸಂತೋಷ.

ಅಷ್ಟರಲ್ಲಿ ನೀವು ಹೋಗಿ ನೀನು ಬಂದಿತ್ತು. ಅವನೇ ಅವಳಿಗೆ ಕಾರು ಕಲಿಸಿದ. ಲೈಸೆನ್ಸೂ ಬಂತು. ಮದುವೆಯ ಮಾತು ಮಾತ್ರ ಇಬ್ಬರ ನಾಲಿಗೆಯ ತುದಿಯಲ್ಲೇ ಕೂತಿತ್ತು.

ಅವಳಿಗೆ ಬೇಸರ ಆಗುತ್ತಿದ್ದುದು ಒಂದೇ ಒಂದು ಕಾರ್ಡಿನ ವಿಷಯಕ್ಕೆ. ಶುರುವಿನ ಸಣ್ಣ ಕಾರ್ಡುಗಳಲ್ಲಿ 'ದಾರಿಹೋಕಿ' ಅಂತ ಒಂದಿತ್ತು. ಮಡಚಿದ ಛತ್ರಿ ಹಿಡಿದ ಮುದುಕಿಯೊಬ್ಬಳು ಆಕಾಶದತ್ತ ಬಾಯಿ ಬಿಟ್ಟುಕೊಂಡು ನೋಡುತ್ತಿರುವ ಚಿತ್ರ. ಬಲ ಏನೂ ಇಲ್ಲ, ಸೊನ್ನೆ. ಆದರೆ ಬಾಯಲ್ಲಿ ಒಂದೂ ಹಲ್ಲಿಲ್ಲದ ಆ ಅಜ್ಜಿಯನ್ನು ಕಂಡರೆ ಅವಳಿಗೆ ಏನೋ ಮಮತೆ.

"ಎಸಿ ಅದನ್ನ, ಕಸ," ಎನ್ನುತ್ತಿದ್ದ ಅವನು. ಅವಳು ಎಸೆಯುತ್ತಿದ್ದಳು.

ಒಂದು ದಿನ ಲ್ಯಾಬಿನ ಮೇಡಂ ಅವಳ ಜೊತೆ ಕೆಲಸ ಮಾಡುವವಳನ್ನು ಕರೆದು, ಸಮುದ್ರದ ಕಡೆಯ ಊರಿನಲ್ಲಿ ತೆರೆಯಲಿರುವ ಹೊಸ ಲ್ಯಾಬನ್ನು ನೋಡಿಕೊಳ್ಳಲು ಹೇಳಿದರು. ಇವಳು ವರ್ಷಗಟ್ಟಲೆ ಆಸೆಪಟ್ಟಿದ್ದ ಜಾಗ ಅದು. ಸ್ವಂತ ಬೆಂಚು, ಸ್ವಂತ ಕುಲುಮೆ, ತಾನೇ ಆರಿಸಿದ ಕೆಲಸಗಾರರು ಎಂದು ಕನಸು ಕಂಡಿದ್ದಳು. ತಡೆಯಲಾರದೆ ಮೇಡಂ ರೂಮಿಗೆ ನುಗ್ಗಿದಳು.

"ನನ್ನನ್ನ ಒಂದು ಮಾತೂ ಕೇಳ್ಲಿಲ್ಲವಲ್ಲ ಮೇಡಂ?"

"ಅಯ್ಯೋ, ಮೊದಲು ನಿನ್ನ ಹೆಸರೇ ಇತ್ತಮ್ಮ. ನಾನು ಡ್ರೈವಿಂಗ್ ಕ್ಲಾಸಿಗೆ ಹೋಗ್ತೀನಲ್ಲ, ನಿಮ್ಮ ಮೇಷ್ಟ್ರ ಹತ್ರ ಹೇಳ್ದೆ. 'ಅವಳಿಗೆ ಊರು ಬಿಡೋಕೆ ಇಷ್ಟ ಇಲ್ಲ ಮೇಡಂ, ನೀವು ಕೇಳಿದ್ರೆ ಸಂಕೋಚಕ್ಕೆ ಹ್ಞೂ ಅಂತಾಳೆ, ಕೇಳ್ಬೇಡಿ' ಅಂದ್ರು. ನೀನೇ ಹೇಳ್ಕಳಿಸಿದ್ದೀಯ ಅಂದ್ಕೊಂಡೆ."

ಅವಳು ಬೆಂಚಿಗೆ ಮರಳಿ ಯಾರದೋ ದವಡೆಯ ಅಚ್ಚನ್ನು ಉಜ್ಜುತ್ತ ಕೂತಳು. ಉಜ್ಜಿ ಉಜ್ಜಿ ಒಂದು ಹಲ್ಲೇ ಸವೆದುಹೋಯಿತು.

ಭಾನುವಾರ ಬಂತು. ಅವನೇ ಬಾಯಿ ಬಿಡಲಿ ಎಂದು ಕಾದಳು. ಅವನು ಎಂದಿನಂತೆ ನಗುತ್ತ ಕೂತ.

"ದಾರಿಹೋಕಿನ ಎಸಿ."

"ಇರ್ಲಿ."

"ಯಾಕೆ? ಕಸ ಅದು."

"ನನ್ನ ಕಟ್ಟು. ಇರ್ಲಿ ಬಿಡು."

ಭಾವ ಹುಬ್ಬೇರಿಸಿದರು. ಅವನು ಕೈ ಚಾಚಿದ. ಅವಳು ಕಾರ್ಡುಗಳನ್ನು ಎದೆಗೊತ್ತಿಕೊಂಡಳು. ಚಾಚಿದ ಕೈ ಮೇಜಿನ ಮೇಲೆ ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಹಾಗೇ ಬಿದ್ದಿತ್ತು. ಆ ಕೈಯನ್ನು ಹಿಡಿದುಕೊಳ್ಳಬೇಕೆಂದು ಅವಳಿಗೆ ಆಗಲೂ ಅನ್ನಿಸಿತು. ಸಿಟ್ಟು ಬಂದಷ್ಟು ಬೇಗ ಪ್ರೀತಿ ಹೋಗುವುದಿಲ್ಲವಲ್ಲ, ಅದೇ ಕರ್ಮ.

ಅವತ್ತು ಪೂರ್ತಿ ತನ್ನ ಆಟ ತಾನೇ ಆಡಿದಳು. ಕೊನೆಯ ಸುತ್ತಿನಲ್ಲಿ ಖಳನಾಯಕನನ್ನು ಕೆಡವಲು ಇನ್ನೊಂದೇ ಒಂದು ಪಾಯಿಂಟು ಬೇಕಿತ್ತು. ಅವಳ ಕೈಗೆ ಬಂದ ಕೊನೆಯ ಕಾರ್ಡು, ಛತ್ರಿ ಹಿಡಿದ ಅಜ್ಜಿ.

ನಗರ ಬಿತ್ತು.

"ಕೋತಿ ತಾನು ಕೆಡೋದಲ್ದೆ ವನಾನೂ ಕೆಡಿಸ್ತಂತೆ!" ಎಂದು ಭಾವ ತಲೆಯ ಮೇಲೆ ಕೈ ಹೊತ್ತರು.

"ನಾನು ಹೇಳಿದ್ದು ಕೇಳಿದ್ರೆ ಗೆದ್ದಿರ್ತಿದ್ವಿ," ಎಂದ ಅವನು, ಸಿಟ್ಟಿಲ್ಲದೆ. ಅವನು ಹೇಳಿದ್ದು ನಿಜವೇ. ಅವನು ಹೇಳುವುದು ಯಾವಾಗಲೂ ನಿಜವೇ ಆಗಿರುತ್ತಿತ್ತು, ಅವಳಿಗೆ ಅದೇ ಕಹಿ.

ಅವನ ಸ್ಕೂಟರ್ ರಿಪೇರಿಗೆ ಹೋಗಿತ್ತು. ಅಕ್ಕನ ಕಾರು ತೆಗೆದುಕೊಂಡು ಅವಳೇ ಬಿಡಲು ಹೊರಟಳು. ಅವನು ಪಕ್ಕದಲ್ಲಿ ಕೂತ. ಮೊದಲ ತಿರುವಿನಲ್ಲಿ ಅವನ ಪಾದ ನೆಲವನ್ನು ಒತ್ತಿತು. ಎದುರಿಗೆ ಸೈಕಲ್ ಬಂದಾಗ ಮತ್ತೆ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ಮ್ಯಾಟ್ ಇತ್ತು. ಒತ್ತುತ್ತಿರುವುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಸಿಗ್ನಲ್ ಕೆಂಪಾದಾಗ ಕೇಳಿಯೇಬಿಟ್ಟಳು. "ಮೇಡಂಗೆ ಏನು ಹೇಳ್ದೆ?"

ಅವನು ಸುಳ್ಳು ಹೇಳಲಿಲ್ಲ. "ನಿನ್ನ ಒಳ್ಳೇದಕ್ಕೇ ಹೇಳಿದ್ದು. ಗೊತ್ತಿಲ್ಲದ ಊರು, ಒಬ್ಬಳೇ, ಅಷ್ಟು ಜವಾಬ್ದಾರಿ..."

"ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಹೋಗ್ತೀನಿ ಅಂತಿದ್ದೆ."

ದೀಪ ಹಸಿರಾಯಿತು. ಅವಳು ಗೇರ್ ಹಾಕಿದಳು. ಅವನ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದಳು.

"ನೀನು ಹೋದ್ರೆ ನಂಗೆ ಇರೋಕಾಗಲ್ಲ ಕಣೇ," ಎಂದ ಕೊನೆಗೆ, ತನ್ನ ಮೊಣಕಾಲನ್ನು ನೋಡುತ್ತ. "ನಿನ್ನ ಅಷ್ಟು ಪ್ರೀತಿಸ್ತೀನಿ. ಅದನ್ನ ಹೇಳೋಕೆ ಬರ್ಲಿಲ್ಲ ನಂಗೆ."

ಎಷ್ಟು ಭಾನುವಾರಗಳಿಂದ ಈ ಮಾತಿಗೆ ಕಾದಿದ್ದಳು! ಹತ್ತಿ ಕೂತ ಆ ಹಲ್ಲು ಕಂಡಿತು.

"ಇದನ್ನೇ ಮೊದಲು ಹೇಳಿದ್ದಿದ್ರೆ ನಾನಾಗೇ ಇಲ್ಲಿರ್ತಿದ್ನೇನೋ. ಇಲ್ಲೇ ಇರ್ತೀನಿ ಅನ್ನೋ ಮಾತು ನನ್ನ ಬಾಯಿಂದ ಬರ್ಬೇಕಿತ್ತು. ಅದನ್ನೂ ನೀನೇ ಆಡ್ಬಿಟ್ಟೆ."

"ತಪ್ಪಾಯ್ತು. ನಾಳೆನೇ ಮೇಡಂ ಹತ್ರ ನಾನು ಮಾತಾಡಿ ಸರಿ ಮಾಡ್ತೀನಿ."

ಅಳು ಬರುವ ಹೊತ್ತಿನಲ್ಲಿ ಅವಳಿಗೆ ನಗು ಬಂತು. "ನೋಡು, ಮತ್ತೆ ನೀನೇ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಇಳಿದು, ಬಾಗಿಲು ಹಿಡಿದು ನಿಂತ. "ಮುಂದಿನ ಭಾನುವಾರ?"

"ನನ್ನ ನೆರಳಿ ಕಾರ್ಡುಗಳನ್ನ ಅಕ್ಕನ ಮಗಳಿಗೆ ಕೊಡಿ. ಅವಳು ಆಡೋವಾಗ ಸುಮ್ನೆ ಕೂತ್ಕೊಳ್ಳಿ ಮೇಷ್ಟ್ರೇ. ಸೋತ್ರೆ ಸೋಲ್ಲಿ."

ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿದ.

ಬೀದಿಯ ಕೊನೆಯಲ್ಲಿ ನಾಯಿಯೊಂದು ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಳು. ಕಾರು ಒಂದಿಷ್ಟೂ ಜಗ್ಗದೆ, ಅವನು ಕಲಿಸಿದ ಹಾಗೆಯೇ ನಿಂತಿತು. "ಭೇಷ್" ಅನ್ನುತ್ತಾನೆಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಸೀಟು ಖಾಲಿ. ಅವನು ಒತ್ತಿ ಒತ್ತಿ ಕೆಳಗಿನ ಮ್ಯಾಟು ಒಂದು ಕಡೆ ಮುದ್ದೆಯಾಗಿತ್ತು.

ಅವಳು ಬಗ್ಗಿ ಅದನ್ನು ಸರಿಮಾಡಲು ಹೋದಳು. ಆಗಲಿಲ್ಲ. ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತಳು. ನಾಯಿ ಯಾವಾಗಲೋ ರಸ್ತೆ ದಾಟಿಹೋಗಿತ್ತು.