ಪಾತ್ರೆ ಕಾಯುವ ರಾತ್ರಿ ಪಾಳಿ

"ವಿಮಾನಕ್ಕೆ ಯಾರ್ಯಾರು, ಬಸ್ಸಿಗೆ ಯಾರ್ಯಾರು? ಈಗಲೇ ಹೇಳ್ಬಿಡಿ. ಕಾಶಿಗೆ ಹೋದ್ಮೇಲೆ ನನ್ನ ತಲೆ ತಿನ್ಬೇಡಿ" ಎಂದರು ಶಿವಶಂಕರಪ್ಪನವರು.

ಶಿವಮೊಗ್ಗದ ವಿದ್ಯಾನಗರದಲ್ಲಿದ್ದ ಅವರ ಮನೆಯ ಹಜಾರದಲ್ಲಿ ಯಾತ್ರೆಗೆ ಹೊರಟವರೆಲ್ಲ ಸೇರಿದ್ದೆವು. ವರ್ಷಕ್ಕೊಮ್ಮೆ ಅವರು ಬಸ್ಸು ಮಾಡಿ ಶಿವಮೊಗ್ಗ, ಭದ್ರಾವತಿಯವರನ್ನು ಕಾಶಿಗೆ ಕರೆದೊಯ್ಯುತ್ತಿದ್ದರು. ತೊಂಬತ್ತೆಂಟನೇ ಇಸವಿಯಲ್ಲಿ ಮೊದಲ ಸಲ ನೇಪಾಳವನ್ನೂ ಸೇರಿಸಿದ್ದರು. ಪರದೇಶವಾದರೇನು, ಪಶುಪತಿನಾಥ ನಮ್ಮವನೇ ತಾನೇ ಎನ್ನುತ್ತಿದ್ದರು. ಕಾಶಿಯಿಂದ ಮುಂದಕ್ಕೆ ಎರಡು ದಾರಿ. ಹೆಚ್ಚಿಗೆ ಕೊಟ್ಟರೆ ವಿಮಾನ, ಒಂದು ಕೋಳಿನಿದ್ದೆ ಮುಗಿಯುವುದರೊಳಗೆ ಕಠ್ಮಂಡು. ಇಲ್ಲವಾದರೆ ಗಡಿಯವರೆಗೆ ನಮ್ಮ ಬಸ್ಸು, ಗಡಿ ದಾಟಿದ ಮೇಲೆ ಅಲ್ಲಿನವರ ರಾತ್ರಿ ಬಸ್ಸು, ಬೆಳಗಾಗುವವರೆಗೂ ಬೆಟ್ಟದ ತಿರುವುಗಳು.

ನನ್ನ ಪಕ್ಕದಲ್ಲಿ ಮಗಳು ಸಮತಾ ಕೂತಿದ್ದಳು. ಶಿವಮೊಗ್ಗದಲ್ಲೇ, ಗೋಪಾಳ ಬಡಾವಣೆಯಲ್ಲಿ ಅವಳ ಮನೆ. ನಾನು ರಿಟೈರ್ ಆದ ಮೇಲೆ ಅಲ್ಲೇ ಇದ್ದೆ. "ನಮ್ಮಪ್ಪಂಗೆ ವಿಮಾನ ಬರ್ಕೊಳ್ಳಿ. ಮಂಡಿ ನೋವಿದೆ" ಎಂದಳು.

"ಬೇಡ. ನನಗೆ ಬಸ್ಸೇ ಇರ್ಲಿ" ಎಂದೆ.

ಉಪ್ಪಿಟ್ಟಿನ ತಟ್ಟೆಗಳನ್ನು ತರುತ್ತಿದ್ದ ಉಚ್ಚಂಗಮ್ಮ ಬಾಗಿಲಲ್ಲೇ ನಿಂತಳು.

ಅವಳು ಯಾತ್ರೆಯ ಅಡುಗೆಯವಳು. ನಮ್ಮವರು ಹೋದಲ್ಲೆಲ್ಲ ಹೊರಗಿನದು ತಿನ್ನುವುದಿಲ್ಲ. ಪೂಜೆ ಮುಗಿಸಿ ನಮ್ಮ ಪಾತ್ರೆಯಲ್ಲಿ, ನಮ್ಮ ಕೈಯಲ್ಲಿ ಬೆಂದದ್ದನ್ನೇ ಉಣ್ಣಬೇಕು. ಹಂಡೆ, ಕೊಳಗ, ಸೀಮೆಎಣ್ಣೆ ಸ್ಟವ್ವನ್ನೆಲ್ಲ ವಿಮಾನಕ್ಕೆ ಹತ್ತಿಸಲು ಆಗುವುದಿಲ್ಲ. ಪಾತ್ರೆ ಎಲ್ಲಿಯೋ ಉಚ್ಚಂಗಮ್ಮ ಅಲ್ಲಿ. ಅವಳಿಗೆ ಬಸ್ಸೇ ಎಂದು ಹಜಾರದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಯಾಕೋ ಪುಟ್ಟಪ್ಪ, ವಿಮಾನ ಏನ್ ಮಾಡ್ತು ಮಾರಾಯ?" ಎಂದರು ಶಿವಶಂಕರಪ್ಪನವರು.

"ಹೆದರಿಕೆ."

"ಕುಲುಮೆ ಬಾಯಿ ಮುಂದೆ ಮೂವತ್ತು ವರ್ಷ ನಿಂತೋನು ನೀನು."

"ಕುಲುಮೆ ನೆಲದ ಮೇಲಿತ್ತು."

ಹಜಾರವೆಲ್ಲ ನಕ್ಕಿತು. ಉಚ್ಚಂಗಮ್ಮ ನಗಲಿಲ್ಲ. ನನ್ನ ಮುಂದೆ ಬಗ್ಗಿ, "ಉಪ್ಪಿಟ್ಟಿಗೂ ಹೆದರಿಕೆಯೋ, ಕೊಡ್ಲೋ?" ಎಂದಳು. ಅವಳ ಹುಬ್ಬಿನ ಮೇಲೆ ಒಂದು ಕಾಳು ರವೆ ಅಂಟಿತ್ತು. ನಾನು ಅದನ್ನೇ ನೋಡಿದೆ. ಅವಳು ನೋಡಿದ್ದು ನನ್ನ ಕಣ್ಣನ್ನು, ಚೆನ್ನಾಗಿ ಸಿಟ್ಟು ಮಾಡಿಕೊಂಡು.

ಭದ್ರಾವತಿಯಲ್ಲಿ ನಾನು ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆಯ ಗೇಟಿನ ಹತ್ತಿರ ಅವಳದೊಂದು ಸಣ್ಣ ಹೋಟೆಲು. ನನ್ನ ಹೆಂಡತಿ ತೀರಿಕೊಂಡ ಮೇಲೆ, ನೈಟ್ ಶಿಫ್ಟ್ ಮುಗಿಸಿ ಬಂದು ನಾನು ತಿನ್ನುತ್ತಿದ್ದುದು ಅಲ್ಲಿಯೇ. ಅವಳ ಗಂಡನೂ ಬಹಳ ಹಿಂದೆಯೇ ಹೋಗಿದ್ದ. ಎಷ್ಟೋ ವರ್ಷ ನಮ್ಮಿಬ್ಬರ ಮಾತು "ಇನ್ನೊಂದು ಹಾಕ್ಲಾ?", "ಸಾಕು" ಅಷ್ಟೇ. ಆದರೆ ಅವಳು ಚಟ್ನಿ ಬಡಿಸುವಾಗ ನನ್ನ ತಟ್ಟೆಯ ಹತ್ತಿರ ಸೌಟು ಸ್ವಲ್ಪ ನಿಧಾನವಾಗುತ್ತಿತ್ತು. ಆ ನಿಧಾನಕ್ಕಾಗಿಯೇ ನಾನು ದಣಿದ ಕಾಲನ್ನು ಎಳೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ.

ಗೋಪಾಳಕ್ಕೆ ಬಂದ ಮೇಲೂ ಬೆಳಿಗ್ಗೆ ಬಸ್ಸು ಹಿಡಿದು ಭದ್ರಾವತಿಗೆ ಹೋಗುವುದು ತಪ್ಪಲಿಲ್ಲ.

"ಶಿವಮೊಗ್ಗದಲ್ಲಿ ಇಡ್ಲಿ ಸಿಗಲ್ವಾ?" ಎಂದು ಒಂದು ದಿನ ಕೇಳಿದ್ದಳು.

"ಸಿಗುತ್ತೆ. ಗಟ್ಟಿ."

ಆ ದಿನ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ನನ್ನ ಹೆದರಿಕೆಯ ಸುದ್ದಿ ಯಾತ್ರೆಯವರ ಬಾಯಲ್ಲೆಲ್ಲ ಓಡಾಡಿತು. ಮರುವಾರ ಶಿವಶಂಕರಪ್ಪನವರು ಮಂತ್ರಿಸಿದ ನಿಂಬೆಹಣ್ಣು ಹಿಡಿದು ಗೋಪಾಳಕ್ಕೇ ಬಂದರು. "ನನ್ನ ಪಕ್ಕದ ಸೀಟೇ ನಿಂಗೆ. ಮೇಲೆ ಹೋಗೋವಾಗ ನನ್ನ ಕೈ ಹಿಡ್ಕೊಂಡು ಕೂತ್ಕೊ. ನಾನೇನೂ ಅಂದ್ಕೊಳ್ಳಲ್ಲ" ಎಂದರು. ಒಳ್ಳೆಯ ಮನುಷ್ಯ. ನಾನು ನಿಂಬೆಹಣ್ಣು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ. ಸಮತಾ ಅಡುಗೆಮನೆಯ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಭದ್ರಾವತಿಗೆ ಹೋದೆ. ಉಚ್ಚಂಗಮ್ಮ ಇಡ್ಲಿ ಹಾಕಲಿಲ್ಲ.

"ನೀವು ವಿಮಾನದಲ್ಲೇ ಹೋಗಿ" ಎಂದಳು.

"ಯಾಕೆ?"

"ಯಾಕೆ ಅಂದ್ರೆ? ಅವತ್ತು ಹೆಂಗಸ್ರೆಲ್ಲ ನಿಮ್ಮ ಮುಖ ಬಿಟ್ಟು ನನ್ನ ಮುಖ ನೋಡಿದ್ರು. ಹೋಗ್ಲಿ, ಅದು ಬಿಡಿ. ಮಾತಾಡೋರಿಗೆ ನಾನೇ ಬಡಿಸ್ಬೇಕಲ್ಲ, ಉಪ್ಪು ಜಾಸ್ತಿ ಹಾಕ್ತೀನಿ." ಅವಳು ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕೂತಳು. ಅವಳು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. "ಪುಟ್ಟಪ್ಪನೋರೆ, ನಂಗೆ ಸುಸ್ತಾಗಿದೆ. ಇಷ್ಟು ದಿನದ ಯಾತ್ರೆಯಲ್ಲಿ ಗಡಿ ದಾಟಿದ ಮೇಲಿನ ಆ ಒಂದು ರಾತ್ರಿ ಮಾತ್ರ ನಾನು ಯಾರಿಗೂ ಬೇಯಿಸ್ಬೇಕಾಗಿಲ್ಲ, ಬಡಿಸ್ಬೇಕಾಗಿಲ್ಲ. ನೀವು ಪಕ್ಕದಲ್ಲಿದ್ರೆ ನಾನು ಮಾತಾಡ್ಬೇಕು, ನಗ್ಬೇಕು. ನಂಗೆ ಆಗಲ್ಲ. ನಂಗೆ ನಿದ್ದೆ ಬೇಕು."

ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನಾನು ಅಂದೇ ಸರಿಯಾಗಿ ನೋಡಿದ್ದು. ಎದ್ದು ಹೋಗಿಬಿಡೋಣ ಎನಿಸಿತು. ಆದರೂ ಕೇಳಿದೆ.

"ಪಾತ್ರೆ ಬಸ್ಸಿನ ಮೇಲೆ ಕಟ್ಟಿರ್ತಾರಲ್ಲ?"

"ಹೂಂ."

"ನಿಂತಲ್ಲೆಲ್ಲ ಇಳಿದು ನೋಡ್ಬೇಕಲ್ಲ?"

"ನೋಡ್ಬೇಕು. ಹೋದ ವರ್ಷ ಒಂದು ಕೊಳಗ ಹೋಯ್ತು."

"ಮತ್ತೆ ನಿದ್ದೆ ಎಲ್ಲಿಂದ ಬಂತು?"

ಅವಳು ಸೆರಗಿನ ತುದಿಯಿಂದ ಗಲ್ಲಾದ ಮೇಜು ಒರೆಸತೊಡಗಿದಳು.

"ನೀವು ಮಲ್ಕೊಳ್ಳಿ. ಪಾತ್ರೆ ನಾನು ಕಾಯ್ತೀನಿ. ಮಾತಾಡ್ಸಲ್ಲ. ಆಯಸ್ಸೆಲ್ಲ ನೈಟ್ ಶಿಫ್ಟ್ ಮಾಡಿದೋನು, ಎಚ್ಚರ ಇರೋದು ಬಿಟ್ಟು ನಂಗೆ ಬೇರೆ ಏನೂ ಬರಲ್ಲ" ಎಂದೆ.

ಅವಳು ಎದ್ದು ಬೆನ್ನು ತಿರುಗಿಸಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಹಬೆಯಲ್ಲಿ ಅವಳು ಕಾಣದಂತಾದಳು. ಆ ಹಬೆಯೊಳಗಿಂದಲೇ ಮಾತು ಬಂತು.

"ಮಾತಾಡ್ಸಿದ್ರೆ ಗಡಿಯಲ್ಲೇ ಇಳಿಸಿ ಬಿಡ್ತೀನಿ."

ಹೊರಡುವ ಬೆಳಿಗ್ಗೆ ಸಮತಾ ನನ್ನ ಚೀಲದ ಜಿಪ್ಪು ಎಳೆಯುತ್ತಾ, "ಎರಡು ಶಾಲು ಇಟ್ಟಿದೀನಿ ಅಪ್ಪ" ಎಂದಳು.

"ನಂಗೆ ಒಂದು ಸಾಕಮ್ಮ."

"ಗೊತ್ತು" ಎಂದಳು.

ಹೊಸಿಲು ದಾಟುವಾಗ ನನ್ನ ಅಂಗಿಯ ಕಾಲರು ಸರಿಮಾಡಿದಳು.

ಕಾಶಿಯಲ್ಲಿ ಗುಂಪು ಎರಡಾಯಿತು. ಶಿವಶಂಕರಪ್ಪನವರು ವಿಮಾನದವರನ್ನು ಕರೆದುಕೊಂಡು ಹೊರಟರು. "ನಿಂಬೆಹಣ್ಣು ಸುಮ್ಮನೆ ದಂಡ ಆಯ್ತಲ್ಲೋ" ಎಂದು ನನ್ನ ಭುಜ ತಟ್ಟಿ, ಉಚ್ಚಂಗಮ್ಮನ ಕಡೆ ಒಂದು ಸಲ ನೋಡಿ, ಮೀಸೆಯಲ್ಲೇ ನಕ್ಕರು. ಅಷ್ಟು ದಿನ ಅವರಿಗೆ ಗೊತ್ತಾಗದೆ ಇದ್ದದ್ದು ಆಗ ಗೊತ್ತಾಯಿತು.

ಗಡಿ ದಾಟಿದ ಮೇಲೆ ಸಿಕ್ಕಿದ ಬಸ್ಸಿನ ಸೀಟು ಎಷ್ಟು ಇಕ್ಕಟ್ಟೆಂದರೆ ನನ್ನ ಮಂಡಿ ಮುಂದಿನ ಕಬ್ಬಿಣಕ್ಕೆ ಒತ್ತುತ್ತಿತ್ತು. ಉಚ್ಚಂಗಮ್ಮ ಕಿಟಕಿಯ ಪಕ್ಕ ಕೂತು, ಮೊದಲ ತಿರುವಿಗೇ ನಿದ್ದೆ ಹೋದಳು. ಸ್ವಲ್ಪ ಹೊತ್ತು ತಲೆ ಕಿಟಕಿಗೆ ಬಡಿಯುತ್ತಿತ್ತು. ಆಮೇಲೆ ತಾನಾಗಿ ನನ್ನ ಭುಜಕ್ಕೆ ಬಂತು. ಕೂದಲಲ್ಲಿ ಒಗ್ಗರಣೆಯ ವಾಸನೆ. ನಾನು ಸಮತಾ ಕೊಟ್ಟ ಎರಡನೆಯ ಶಾಲು ತೆಗೆದು ಹೊದಿಸಿದೆ.

ಬಸ್ಸು ನಿಂತಾಗಲೆಲ್ಲ ಅವಳ ತಲೆಯನ್ನು ಮೆಲ್ಲಗೆ ಸೀಟಿಗೆ ಒರಗಿಸಿ ಇಳಿಯುತ್ತಿದ್ದೆ. ಮೇಲೆ ಹಂಡೆಗಳು ಕಪ್ಪಗೆ ಕೂತಿರುತ್ತಿದ್ದವು. ಮತ್ತೆ ಹತ್ತಿ ಬಂದು ಭುಜ ಕೊಡುತ್ತಿದ್ದೆ. ವಿಮಾನದವರು ಬಿಸಿನೀರು ಸ್ನಾನ ಮಾಡಿ, ಹಾಸಿಗೆ ಸೇರಿ ಬಹಳ ಹೊತ್ತಾಗಿರಬೇಕು ಎಂದುಕೊಂಡೆ. ಮಂಡಿ ಸಿಡಿಯುತ್ತಿತ್ತು. ಆ ದಾರಿ ಇನ್ನೂ ಉದ್ದವಿರಲಿ ಎನಿಸುತ್ತಿತ್ತು. ಇಡೀ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಬೆಟ್ಟದ ಅಂಚು ಬೆಳ್ಳಗಾಗುವಾಗ ಅವಳು ಬೆಚ್ಚಿ ಎದ್ದಳು.

"ಪಾತ್ರೆ?"

"ಎಲ್ಲಾ ಇವೆ."

ಮೈಮೇಲಿದ್ದ ಶಾಲನ್ನು ಮುಟ್ಟಿ ನೋಡಿದಳು. "ಇದು ಯಾರದ್ದು?"

"ಸಮತಾ ಇಟ್ಟಿದ್ದು. ನಿಮಗೆ."

ಅವಳು ಶಾಲಿನ ಅಂಚನ್ನು ಬೆರಳಿಂದ ಸವರಿದಳು. ಆಮೇಲೆ ಕೇಳಿದಳು. "ಊರಿಗೆ ಹೋದ್ಮೇಲೆ?"

"ಇಡ್ಲಿಗೆ ಬರ್ತೀನಿ."

"ದಿನಾ ಬಸ್ಸಲ್ಲಿ? ಆ ಮಂಡಿ ಇಟ್ಕೊಂಡು?" ಶಾಲಿನ ಅರ್ಧವನ್ನು ಎಳೆದು ನನ್ನ ಮಂಡಿಯ ಮೇಲೆ ಹಾಕಿದಳು. ಕೈ ಅಲ್ಲೇ ಉಳಿಯಿತು. "ಸಾಕು ಮಾರಾಯ್ರೆ, ಆ ಓಡಾಟ. ಭದ್ರಾವತಿಗೇ ಬಂದು ಇದ್ಬಿಡಿ. ನನ್ನ ಮನೇಲಿ."

ಏನೋ ಹೇಳಲು ಬಾಯಿ ತೆರೆದೆ.

"ಮಾತಾಡ್ಸಲ್ಲ ಅಂದಿದ್ರಿ" ಎಂದಳು. ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. "ಈಗ ನನ್ನ ಶಿಫ್ಟು. ಮಲ್ಕೊಳ್ಳಿ."

ಕಠ್ಮಂಡು ಬಂದದ್ದು ನನಗೆ ಗೊತ್ತಾಗಲೇ ಇಲ್ಲ.