ತುದಿಯ ಎಲೆ

"ಈ ಹಸಿ ಎಲೆ ಮುರಿದವರು ಯಾರು?"

ಚಪ್ಪರದ ನೆರಳಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕುಳಿತಿದ್ದ ಅತ್ತೆ ನಾಲ್ಕೈದು ಎಲೆ ಎತ್ತಿ ಹಿಡಿದರು. ಹಣ್ಣಾದ ಎಲೆ ಮುಟ್ಟಿದರೆ ಸಾಕು, ಟಕ್ಕೆಂದು ಬರುತ್ತದೆ. ಇವು ದಂಟಿನ ಸಿಪ್ಪೆಯನ್ನೂ ಕಿತ್ತುಕೊಂಡು ಬಂದಿದ್ದವು. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಕಾವಿಗೆ ಇವು ಹೊಂಬಣ್ಣಕ್ಕೆ ತಿರುಗುವುದಿಲ್ಲ. ಹಸಿರಾಗಿಯೇ ಒಣಗಿ ಕಸವಾಗುತ್ತವೆ.

ಸೊಸೆ ಕೈಯನ್ನು ಸೆರಗಿನಡಿ ಎಳೆದುಕೊಂಡಳು. ಮುರಿದವಳು ಅವಳೇ.

ತಪ್ಪು ಪೂರ್ತಿ ಅವಳದಲ್ಲ, ಪಕ್ಕದ ಸಾಲಿನವನದೂ ಇತ್ತು. ಬ್ಯಾರನ್ನಿನ ಕೊಳವೆ ರಿಪೇರಿಗೆಂದು ಬಂದ ವೆಲ್ಡರ್, ಕೊಯ್ಲಿಗೆ ಆಳು ಸಾಲದೆಂದು ಇಲ್ಲೇ ನಿಂತಿದ್ದ. ಅವನ ಉದ್ದ ಕಾಲು ನೋಡಿ ಅತ್ತೆ ಇಟ್ಟ ಹೆಸರು ಕೊಕ್ಕರೆ. ಬುಡದ ಎಲೆ ಮುರಿಯುವ ದಿನಗಳಲ್ಲಿ ಅವನು ಎರಡಾಗಿ ಮಡಚಿಕೊಳ್ಳುತ್ತಿದ್ದ. ಗಿಡಗಳ ಹಸಿರು ನೆರಳಲ್ಲಿ ಇಬ್ಬರ ಮುಖವೂ ಒಂದೇ ಎತ್ತರಕ್ಕೆ ಬರುತ್ತಿತ್ತು.

"ಸೊಂಟ ಇದೆಯಾ, ಹೋಯ್ತಾ?" ಎಂದು ಅವಳು ಒಮ್ಮೆ ಕೇಳಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಾಡಿದ ಮೊದಲ ತಮಾಷೆ.

"ಸೊಂಟ ನಿಮ್ಮ ಹೊಲಕ್ಕೆ ಬರೆದುಕೊಟ್ಟಾಯ್ತು. ಮಿಕ್ಕಿದ್ದು ನಂದು."

"ಮಿಕ್ಕಿದ್ದು ಏನಿದೆ?"

ಅವನು ಅವಳನ್ನೇ ನೋಡಿದ್ದ. ಕೈಗಂಟುವ ಎಲೆಯ ಜಿಗುಟಿನಂತೆ, ಆ ನೋಟ ತೊಳೆದರೂ ಹೋಗಲಿಲ್ಲ.

ಇವತ್ತು ಕಡೆಯ ಕೊಯ್ಲು. ತುದಿಯ ಎಲೆ. ಅವಳಿಗೆ ಎಟುಕದ ಗಿಡಗಳನ್ನು ಅವನು ಬಾಗಿಸಿ ಹಿಡಿಯುತ್ತಿದ್ದ. ಬಾಗಿದ ಗಿಡದಾಚೆ ಅವನ ಮುಖ. ಎಲೆ ಯಾರು ನೋಡುತ್ತಾರೆ?

"ಮುರಿದದ್ದು ನಾನೇ ಅಮ್ಮಾ," ಎಂದ ಚಪ್ಪರದ ಬಳಿ ನಿಂತಿದ್ದ ಕೊಕ್ಕರೆ.

"ನೀನಾ? ಹಾಗಾದ್ರೆ ಈಗಲೇ ಹೊರಡು. ಇನ್ನು ಈ ಕಡೆ ತಲೆ ಹಾಕಬೇಡ."

ಅವನು ಟೂಲ್ ಬ್ಯಾಗ್ ಹೆಗಲಿಗೇರಿಸಿದ. ಒಂದು ಸಲ ಅವಳನ್ನು ನೋಡಿದ. ಹೊರಟೇಬಿಟ್ಟ.

ಅವಳು ದೂರವಾಗುವ ಆ ಬೆನ್ನನ್ನೇ ನೋಡಿದಳು. ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟ ದಿನವೂ ಹೀಗೇ ನೋಡುತ್ತ ನಿಂತಿದ್ದಳು. ಅಂದು ಕೂಗಿದ್ದರೂ ಅವನು ತಿರುಗುತ್ತಿರಲಿಲ್ಲ. ಇವನು ತಿರುಗುತ್ತಾನೆ.

"ನಿಲ್ಲಿ!"

ಹೊಲಕ್ಕೆಲ್ಲ ಕೇಳಿತು.

"ಮುರಿದಿದ್ದು ನಾನು. ಅತ್ತೆ, ಅವರನ್ನ ಕಳಿಸಬೇಡಿ."

"ಯಾಕೆ?"

"ಬ್ಯಾರನ್ನು... ಕೊಳವೆ..."

"ಕೊಳವೆ ಗಟ್ಟಿಮುಟ್ಟಾಗಿದೆ. ಯಾಕೆ, ಹೇಳು."

"ನನಗೆ ಬೇಕು."

ಅತ್ತೆ ಎಲೆಯ ತೊಟ್ಟು ತಿರುಗಿಸಿ ತೋರಿಸಿದರು. ಸಿಪ್ಪೆ ಎಡಕ್ಕೆ ಸುಲಿದಿತ್ತು. ಆ ಹೊಲದಲ್ಲಿ ಎಡಗೈಯಿಂದ ಮುರಿಯುವವಳು ಒಬ್ಬಳೇ.

"ನೋಡಿದ ಕೂಡಲೇ ಗೊತ್ತಾಯ್ತು ಕಣೇ. ನಿನ್ನ ಬಾಯಿ ಬಿಡಿಸೋಕೆ ಪಾಪ ಅವನನ್ನ ಬೈಬೇಕಾಯ್ತು." ಅತ್ತೆಯ ಬಾಯಿ ನಗುತ್ತಿತ್ತು, ಕಣ್ಣು ತುಂಬಿತ್ತು. "ಮಗ ಹೋದ. ನೀನೂ ಬದುಕಿದ್ದಾಗಲೇ ಹೋಗ್ತಿದ್ದೆ, ನನ್ನ ಕಣ್ಣೆದುರೇ. ಲೋ ಕೊಕ್ಕರೆ! ಅಲ್ಲೇ ಯಾಕೋ ನಿಂತೆ? ಊಟಕ್ಕೆ ಬಾ."

"ಹೊರಡು ಅಂದ್ರಲ್ಲಮ್ಮಾ?"

"ಇನ್ಮೇಲೆ ಅದನ್ನ ಇವಳನ್ನ ಕೇಳು."

ಅವನು ದಾಪುಗಾಲು ಹಾಕುತ್ತ ಬಂದ. ಅವಳ ಮುಂದೆ, ಬುಡದ ಎಲೆ ಮುರಿಯುವವನಂತೆ ಬಗ್ಗಿದ. ಮುಖಗಳು ಮತ್ತೆ ಒಂದೇ ಎತ್ತರಕ್ಕೆ ಬಂದವು.

"ಮಿಕ್ಕಿದ್ದು ಏನಿದೆ ಅಂತ ಕೇಳಿದ್ರಲ್ಲ, ಅವತ್ತು."

ಅವಳು ಎಡಗೈ ಚಾಚಿದಳು. ಜಿಗುಟಿಗೆ ಜಿಗುಟು ಅಂಟಿ, ಕೈ ಬಿಡಿಸಿಕೊಳ್ಳುವ ಮಾತೇ ಇರಲಿಲ್ಲ.

"ಅದನ್ನೂ ಬರೆದುಕೊಡಿ," ಎಂದಳು.