ಕೇಳದೆ ತೋರಿಸಿದ ಮುಖ

ಸೋಮವಾರ ಬೆಳಿಗ್ಗೆ ಕೇಬಲ್ ಆಫೀಸಿನ ಮೆಟ್ಟಿಲನ್ನು ರೂಪಾಲಿ ಹತ್ತಿದ ರಭಸಕ್ಕೆ ಕೆಳಗಿನ ಅಂಗಡಿಯವರೆಲ್ಲ ತಲೆಯೆತ್ತಿ ನೋಡಿದರು. ಒಬ್ಬ ನಕ್ಕ. ಹಿಂದಿನ ಸಂಜೆ ಅರ್ಧ ಗೋಕಾಕ ಅವಳನ್ನು ಟಿವಿಯಲ್ಲಿ ನೋಡಿತ್ತು. ಆ ನಗು ಯಾಕೆಂದು ಅವಳಿಗೆ ಗೊತ್ತಿತ್ತು.

ಚಾನೆಲ್‌ನ ಕ್ಯಾಮೆರಾಮನ್ ಮಹಾಂತೇಶ ಲೆನ್ಸ್ ಒರೆಸುತ್ತ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಬರ್ರಿ ರೂಪಾಲಿಯವರ, ಚಾ ತರಸ್ತೇನಿ..."

"ಚಾ ಕುಡಿಯಾಕ ಬಂದಿಲ್ಲ ನಾ. ಯಾರ್ನ ಕೇಳಿ ಹಾಕಿದ್ರಿ ಆ ಟೇಪು?"

ಅವನು ಒರೆಸುವ ಬಟ್ಟೆ ಮಡಚಿ ಮೇಜಿನ ಮೇಲಿಟ್ಟ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ರೂಪಾಲಿಯ ತಂದೆ ನೇಮಣ್ಣನವರದು ಗೋಕಾಕದ ಹಳೆಯ ಕರದಂಟಿನ ಅಂಗಡಿ. ಅದೇ ಬಣ್ಣದ ಡಬ್ಬಿಯಲ್ಲಿ ಕರದಂಟು ಮಾರುವ ಹೊಸ ಅಂಗಡಿಗಳು ಬಸ್‌ಸ್ಟ್ಯಾಂಡಿನ ಸುತ್ತ ಎದ್ದಿದ್ದವು. ಬೆಳಗಾವಿಯಲ್ಲಿ ಬಿ.ಕಾಂ. ಮುಗಿಸಿ ಬಂದ ರೂಪಾಲಿ ಹಟ ಹಿಡಿದು ತಂದೆಯನ್ನು ಒಪ್ಪಿಸಿದ್ದಳು: ಪ್ರತಿ ಭಾನುವಾರ ಊರಿನ ಕೇಬಲ್ ಚಾನೆಲ್‌ನಲ್ಲಿ ಅಂಗಡಿಯ ಹೆಸರಿನಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ.

"ಜಾಹೀರಾತು ಬಂದ್ರ ಜನಾ ಚಾನೆಲ್ ತಿರುವ್ತಾರ. ಮಾತು ಬಂದ್ರ ಕುಂತು ಕೇಳ್ತಾರ" ಎಂದಿದ್ದಳು.

ಆದರೆ ಕಾರ್ಯಕ್ರಮ ಹೇಗಿರಬೇಕು ಎಂಬುದಕ್ಕೇ ಜಗಳ ಹತ್ತಿತ್ತು. ಒಬ್ಬರೇ ಕ್ಯಾಮೆರಾ ನೋಡಿ ನಾಲ್ಕು ಮಾತು ಹೇಳಿದರೆ ಸಾಕೆಂದು ನೇಮಣ್ಣ. ಅಂಗಡಿಯ ಹಿಂದೆ ಬೆಲ್ಲದ ಪಾಕ ಕುದಿಯುವಲ್ಲೇ ಕ್ಯಾಮೆರಾ ಇಡೋಣವೆಂದು ಮಹಾಂತೇಶ. ಸ್ಟುಡಿಯೋದಲ್ಲಿ ಎರಡು ಕುರ್ಚಿ, ಒಬ್ಬ ಅತಿಥಿ, ಎದುರಿಗೆ ಪ್ರಶ್ನೆ ಕೇಳುವವಳು ತಾನು ಎಂದು ರೂಪಾಲಿ.

"ಕರದಂಟಿನ ಅಂಟು ಹುರಿಯೋ ನಿಮ್ಮ ಕೈ ಜನರಿಗೆ ಕಾಣಲಿ" ಎಂದಿದ್ದ ಮಹಾಂತೇಶ.

"ಕೈ ಎಲ್ಲಾರಿಗೂ ಕಂಡೈತಿ. ನನಗ ಮಾತಾಡಾಕ ಬರ್ತೈತಿ ಅನ್ನೋದು ಕಾಣಲಿ."

ಆಮೇಲೆ ಅವನು ಎದುರಾಡಿರಲಿಲ್ಲ. ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಬಂದು, ಅವಳು ಹೇಳಿದ ಹಾಗೆಯೇ ಪರದೆ ಕಟ್ಟಿ, ಲೈಟು ಹೊಂದಿಸಿದ್ದ. ಆರಂಭದ ದೃಶ್ಯಕ್ಕೆಂದು ರೂಪಾಲಿಯ ತಮ್ಮ ಅರಿಹಂತನನ್ನೂ ಕರೆದುಕೊಂಡು ಮೂವರೂ ಗೋಕಾಕ ಫಾಲ್ಸ್‌ಗೆ ಹೋಗಿದ್ದರು. ತೂಗುಸೇತುವೆಯ ಮೇಲೆ ಗಾಳಿ ಅವಳ ದುಪಟ್ಟಾ ಎಳೆದಾಡುತ್ತಿತ್ತು. ತಿರುಗಿ ನೋಡಿದರೆ ಕ್ಯಾಮೆರಾ ಇವಳತ್ತಲೇ ಇತ್ತು.

"ಫಾಲ್ಸ್ ಆ ಕಡೆ ಐತ್ರಿ" ಎಂದಳು.

"ಗೊತ್ತೈತ್ರಿ" ಎಂದ ಅವನು, ಕ್ಯಾಮೆರಾ ಮಾತ್ರ ತಿರುಗಿಸಲಿಲ್ಲ.

ನಗು ಬಂದದ್ದು ಕಾಣದಿರಲೆಂದು ರೂಪಾಲಿ ನೀರಿನ ಕಡೆ ಮುಖ ಮಾಡಿದ್ದಳು. ಆ "ಗೊತ್ತೈತ್ರಿ"ಯನ್ನು ವಾರವಿಡೀ ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಈಗ ಸಿಟ್ಟು ಇಷ್ಟು ಸುಡುತ್ತಿದ್ದುದು ಅದಕ್ಕೇ.

ಭಾನುವಾರ ಪ್ರಸಾರವಾದದ್ದು ಸ್ಟುಡಿಯೋದಲ್ಲಿ ನಿವೃತ್ತ ಮಾಸ್ತರರೊಂದಿಗೆ ಅವಳು ನಡೆಸಿದ ಮಾತುಕತೆಯಲ್ಲ. ಅಂಗಡಿಯ ಹಿತ್ತಲಲ್ಲಿ, ಕೂದಲು ಗಂಟು ಕಟ್ಟಿ, ಕೆನ್ನೆಗೆ ಬೆಲ್ಲ ಮೆತ್ತಿಕೊಂಡು, ಕೊಬ್ಬರಿ ವ್ಯಾಪಾರಿ ಅಲ್ಲಪ್ಪನ ಮೇಲೆ ಅವಳು ಹರಿಹಾಯ್ದದ್ದು. "ಈ ಮುಗ್ಗಿದ ಕೊಬ್ಬರಿ ನಿಮ್ಮ ಮಕ್ಕಳಿಗೆ ತಿನ್ನಸ್ತೀರೇನು?" ಎಂದು ಚೀಲವನ್ನು ದರದರ ಎಳೆದು ಬೀದಿಗೆ ಸುರಿದದ್ದು. ಅಂಗಡಿಯ ದೃಶ್ಯಕ್ಕೆಂದು ಬಂದಿದ್ದ ಮಹಾಂತೇಶನ ಕ್ಯಾಮೆರಾ ಬಾಗಿಲಲ್ಲಿ ಓಡುತ್ತಿದ್ದುದು ಅವಳಿಗೆ ಗೊತ್ತೇ ಇರಲಿಲ್ಲ.

"ಮಾಸ್ತರ ಜೋಡಿ ಮಾತಾಡಿದ್ದು ಪಾಠಾ ಒಪ್ಪಿಸಿದಂಗ ಇತ್ರಿ" ಎಂದ ಮಹಾಂತೇಶ ಈಗ. "ಅದರಾಗ ನೀವಿರಲಿಲ್ಲ. ಇದರಾಗ ಇದ್ರಿ. ನಿಮ್ಮ ಅಂಗಡಿ ಮುಂದ ಗದ್ದಲಾ ನೋಡಿದ್ರೇನು?"

"ಗದ್ದಲಾ ಕರದಂಟು ನೋಡಾಕ ಬಂದದ್ದೋ, ಜಗಳಗಂಟಿನ್ನ ನೋಡಾಕ ಬಂದದ್ದೋ?"

"ಸಿಟ್ಟು ಖರೇದ ಇತ್ತಲ್ರಿ!"

"ಖರೇದ ಇರಲಿ, ಸುಳ್ಳ ಇರಲಿ, ನನ್ನ ಸಿಟ್ಟು ನಂದು. ಊರಿಗೆ ತೋರ್ಸೋದು ಬಿಡೋದು ನಂದು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಹುಕ್ಕೇರಿಯಿಂದ ನನ್ನ ನೋಡಾಕ ಬರಾವ್ರಿದ್ರು. ಮುಂಜಾನೆ ಫೋನ್ ಬಂತು. ಹುಡುಗಿ ಭಾಳ ಖಾರ ಅದಾಳ, ನಮಗ ಬ್ಯಾಡ ಅಂದ್ರು."

ಅವನ ಮುಖ ಬಿಳಿಚಿತು. "ಅದು... ನನಗ ಗೊತ್ತಿರಲಿಲ್ರಿ."

"ಆ ಹುಡುಗ ನನಗೂ ಬ್ಯಾಡಾಗಿದ್ದ. ಆದ್ರ ಬ್ಯಾಡ ಅನ್ನೋದು ನನ್ನ ಬಾಯಾಗಿಂದ ಬರಬೇಕಾಗಿತ್ತು!"

ಉತ್ತರಕ್ಕೆ ನಿಲ್ಲದೆ ಅವಳು ಇಳಿದು ಹೋದಳು.

ಮನೆಯಲ್ಲಿ ನೇಮಣ್ಣ ಕೂಗಾಡಲಿಲ್ಲ. ಊಟದ ತಾಟಿನ ಮುಂದೆ ಕುಳಿತು ತಣ್ಣಗೆ ಹೇಳಿದರು: "ಕಾರ್ಯಕ್ರಮ ನಡೀಲಿ. ಆದ್ರ ಇನ್ನ ಮ್ಯಾಲೆ ಟಿವ್ಯಾಗ ಅರಿಹಂತ ಕುಂದರ್ತಾನ. ಏನ್ ಮಾತಾಡಬೇಕು ಅನ್ನೋದು ನೀ ಮನ್ಯಾಗ ಅವಗ ಹೇಳಿಕೊಡು."

"ವಿಚಾರ ನಂದಲ್ಲಪ್ಪಾ?"

"ಊರೆಲ್ಲಾ ನಿನ್ನ ನೋಡಿದ್ದು ಆತಲ್ಲ, ಸಾಕು."

ತಾಯಿ ಜಿನ್ನವ್ವ ಬಡಿಸುತ್ತಿದ್ದ ಕೈ ನಿಲ್ಲಿಸಿ ಮಗಳ ಮುಖ ನೋಡಿದಳು. ರೂಪಾಲಿ ತಾಟು ಸರಿಸಿ ಎದ್ದಳು. ಸಿಟ್ಟು ಈಗ ಅಪ್ಪನ ಮೇಲೋ ಮಹಾಂತೇಶನ ಮೇಲೋ ಅವಳಿಗೇ ತಿಳಿಯಲಿಲ್ಲ. ಇಬ್ಬರೂ ಅವಳನ್ನು ಕೇಳಿರಲಿಲ್ಲ.

ಮಂಗಳವಾರ ಮಹಾಂತೇಶ ಅಂಗಡಿಗೆ ಬಂದ. ಅವಳು ತಲೆ ಎತ್ತಲಿಲ್ಲ. ಮರುದಿನ ಮತ್ತೆ ಬಂದು ಗಿರಾಕಿಗಳ ಹಿಂದೆ ನಿಂತ. ಸರದಿ ಬಂದಾಗ, "ತಪ್ಪಾತ್ರಿ" ಎಂದ.

"ಪಾವ್ ಕಿಲೋನೋ, ಅರ್ಧ ಕಿಲೋನೋ?" ಎಂದಳು ರೂಪಾಲಿ.

ಅವನು ಅರ್ಧ ಕಿಲೋ ಕೊಂಡು ಹೋದ. ಹೋಗುವಾಗ ಅವನ ಹೆಗಲು ಕುಗ್ಗಿದ್ದುದನ್ನು ನೋಡಬಾರದೆಂದುಕೊಂಡೇ ನೋಡಿದಳು. ಪಾಪ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಭಾನುವಾರ ಬಂತು. ಈ ಸಲ ಟೇಪಿನ ರಗಳೆಯೇ ಬೇಡ, ನೇರ ಪ್ರಸಾರವಾಗಲಿ ಎಂದು ನೇಮಣ್ಣ ಹೇಳಿ ಕಳಿಸಿದ್ದರು. ಸ್ಟುಡಿಯೋದಲ್ಲಿ ಇಸ್ತ್ರಿ ಶರ್ಟು ಹಾಕಿ ಕುಳಿತ ಅರಿಹಂತನ ಹಣೆಯ ಮೇಲೆ ಬೆವರು. ಎದುರಿನ ಕುರ್ಚಿಯ ಅತಿಥಿ ಇನ್ನೂ ಬಂದಿರಲಿಲ್ಲ.

ರೂಪಾಲಿ ಒಳಗೆ ಬಂದು ತಮ್ಮನ ಮುಂದೆ ನಿಂತಳು.

"ಏಳು."

"ಅಕ್ಕಾ, ಅಪ್ಪಾ?"

"ಅಪ್ಪಾಗ ನಾ ಹೇಳ್ತೇನಿ."

ಅರಿಹಂತ ಬದುಕಿದೆನಪ್ಪಾ ಎನ್ನುವಂತೆ ಎದ್ದ. ಅವಳು ಕುಳಿತು, ಕ್ಯಾಮೆರಾದ ಹಿಂದಿದ್ದ ಮಹಾಂತೇಶನಿಗೆ ಎದುರಿನ ಅತಿಥಿಯ ಕುರ್ಚಿ ತೋರಿಸಿದಳು. "ಮಹಾಂತೇಶವ್ರ, ಇವತ್ತಿನ ಪಾವಣ್ಯಾರು ನೀವು. ಕುಂದರ್ರಿ. ಬರಾಕ ಮನಸೈತೋ ಇಲ್ಲೋ ಹೇಳ್ರಿ. ನಾ ಕೇಳೇ ಕುಂದರ್ಸ್ತೇನಿ."

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. "ಮನಸೈತ್ರಿ" ಎಂದು ಅವನು ಬಂದು ಕುಳಿತ. ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಹಿಂದೆ ಅರಿಹಂತ ನಿಂತ. ಕೆಂಪು ದೀಪ ಹತ್ತಿತು.

"ನಮಸ್ಕಾರ್ರಿ. ಹೋದ ವಾರ ನೀವೆಲ್ಲಾರೂ ನನ್ನ ಸಿಟ್ಟು ನೋಡಿದ್ರಿ. ಆ ಕೊಬ್ಬರಿ ಚೀಲದ ಬಗ್ಗೆ ನನಗ ನಾಚಿಕಿಲ್ಲ, ಇನ್ನೊಮ್ಮೆ ಬಂದ್ರ ಇನ್ನೊಮ್ಮೆ ಸುರೀತೇನಿ. ಆದ್ರ ಅದನ್ನ ನಿಮಗ ತೋರ್ಸಿದ್ದು ನಾ ಅಲ್ಲ, ಇವ್ರು." ಅವನತ್ತ ತಿರುಗಿದಳು. "ಯಾಕ ಕೇಳಲಿಲ್ಲ?"

"ಕೇಳಿದ್ರ ಬ್ಯಾಡ ಅಂತಿದ್ರಿ. ಅದಕ್ಕ ಕೇಳಲಿಲ್ಲ." ಅವನು ಕಣ್ಣು ತಗ್ಗಿಸಲಿಲ್ಲ. "ಅದು ಕಳ್ಳನ ಮಾತು. ತಪ್ಪು ನಂದ."

"ಕಳ್ಳಗ ನಮ್ಮೂರಾಗ ಏನ್ ಮಾಡ್ತಾರ?"

"ಕಟ್ಟಿ ಹಾಕ್ತಾರ್ರಿ."

ಅರಿಹಂತ ಕಿಸಕ್ಕನೆ ನಕ್ಕ. ರೂಪಾಲಿಯ ಕಿವಿ ಬಿಸಿಯಾಯಿತು. ನೆಪ ಹೇಳುತ್ತಾನೆಂದು ಕತ್ತಿ ಮಸೆದುಕೊಂಡು ಬಂದವಳಿಗೆ ಈಗ ಹೊಡೆಯಲು ಏನೂ ಸಿಗುತ್ತಿರಲಿಲ್ಲ.

"ಅಷ್ಟು ಟೇಪಿನ್ಯಾಗ ಅದನ್ನ ಯಾಕ ಆರಿಸಿದ್ರಿ?"

"ಅದನ್ನ ನಾ ಮತ್ತ ಮತ್ತ ನೋಡಿದ್ನಿ. ಕೊಬ್ಬರಿ ಸಲುವಾಗಿ ಅಲ್ರಿ. ನಿಮ್ಮನ್ನ ಕಂಡ್ರ ನನಗ..."

ಅವಳು ಥಟ್ಟನೆ ಕೈ ಎತ್ತಿದಳು. "ನಿಲ್ರಿ. ಅರಿಹಂತ, ಬಂದ್ ಮಾಡು."

"ಅಕ್ಕಾ, ಲೈವ್ ಐತಿ!"

"ಅದಕ್ಕ ಹೇಳಾಕತ್ತೇನಿ." ಕ್ಯಾಮೆರಾ ನೋಡಿ ಸ್ಪಷ್ಟವಾಗಿ ಹೇಳಿದಳು: "ಇದರ ಮುಂದಿನ ಮಾತು ನಿಮಗಲ್ರಿ, ನನಗ."

ಕೆಂಪು ದೀಪ ಆರಿತು. ಅರಿಹಂತ ಯಾವುದೋ ಹಾಡಿನ ಟೇಪು ಹಾಕಿ, ಯಾರೂ ಹೇಳದಿದ್ದರೂ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

"ಈಗ ಹೇಳ್ರಿ."

ಕ್ಯಾಮೆರಾ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಮಹಾಂತೇಶನಿಗೆ ತಿಳಿಯಲಿಲ್ಲ. "ನಿಮ್ಮ ಮ್ಯಾಲೆ ಜೀವ ಐತ್ರಿ ನನಗ. ನೀವು ಜೈನರು, ನಾವು ಲಿಂಗಾಯತರು. ನಿಮ್ಮ ಅಪ್ಪಾರು ಒಪ್ಪೂದಿಲ್ಲ, ಗೊತ್ತೈತಿ..."

"ಅಪ್ಪಾನ ಮಾತು ಆಮ್ಯಾಲೆ. ಮೊದಲ ಕೇಳೋದ ಕಲೀರಿ."

ಅವನು ಅವಳನ್ನೇ ನೋಡಿದ. ನಡುವೆ ಈಗ ಕ್ಯಾಮೆರಾದ ಗಾಜಿರಲಿಲ್ಲ.

"ಕೇಳ್ತೇನಿ. ರೂಪಾಲಿ, ನನ್ನ ಮದಿವಿ ಆಗ್ತೀರೇನು?"

"ನನ್ನ ಸಿಟ್ಟಿನ್ನೂ ಹೋಗಿಲ್ಲ."

"ಇರಲಿ."

"ಲಗೂ ಹೋಗಂಗೂ ಇಲ್ಲ."

"ಹೋಗೂತನಾ ಇರ್ತೇನಿ. ಹೋದ ಮ್ಯಾಲೂ ಇರ್ತೇನಿ."

ರೂಪಾಲಿ ತುಟಿ ಕಚ್ಚಿಕೊಂಡಳು. ಕಣ್ಣಲ್ಲಿ ನೀರು ತುಂಬಿದ್ದು ಸಿಟ್ಟಿಗೇ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ, "ಹೂಂ" ಎಂದಳು. ಜಗಳಕ್ಕೆ ಬಂದವಳ ಗತ್ತಿನಲ್ಲೇ ಅಂದಳು.

ಕೆಳಗೆ ನೇಮಣ್ಣನವರ ಸ್ಕೂಟರ್ ಬಂದು ನಿಂತ ಸದ್ದಾಯಿತು. "ರೂಪಾಲೀ!" ಎಂದು ಬೀದಿಗೆಲ್ಲ ಕೇಳುವ ಕೂಗು.

ಮಹಾಂತೇಶ ಎದ್ದ. "ಹೆದರಿಕಿ ಆಗೇತೇನು?" ಎಂದು ಕೇಳಿದಳು.

"ಖರೇ ಹೇಳಲೇನ್ರಿ? ಆಗೇತಿ."

"ನನಗೂ."

ಅವಳು ದುಪಟ್ಟಾ ಸರಿಮಾಡಿಕೊಂಡು ಬಾಗಿಲು ತೆರೆದಳು. ಅವನು ಎರಡು ಹೆಜ್ಜೆ ಹಿಂದೆ ಬರುತ್ತಿದ್ದುದನ್ನು ಕಂಡು ಮೆಟ್ಟಿಲ ಮೇಲೆ ನಿಂತು ಗದರಿದಳು:

"ಹಿಂದ ಯಾಕ ನಿಂತ್ರಿ? ಬಾಜೂಕ ಬರ್ರಿ."